ಇದ್ದಿಲಿಗೆ ಮೊದಲು ಸ್ನಾನ ಮಾಡಿಸಿ

ವಿಜ್ಞಾನ ಮೇಳ ಬಂತೆಂದರೆ ಇದೇ ಕಥೆ. ಮೈಲುತುತ್ತದ (ತಾಮ್ರದ ಸಲ್ಫೇಟ್) ನೀಲಿ ನೀರಿಗೆ ಇದ್ದಿಲು ಹಾಕಿ ಸೋಸುತ್ತಾರೆ, ನೀರು ತಿಳಿಯಾಗುತ್ತದೆ. ‘ಇದ್ದಿಲು ತಾಮ್ರ ಹೀರಿಕೊಂಡಿತು ಸಾರ್!’ ಎಷ್ಟೋ ಸಲ ಹೀರಿಕೊಂಡೇ ಇರುವುದಿಲ್ಲ. ಇದ್ದಿಲಿನ ಬೂದಿ ಕ್ಷಾರ. ಅದು ಬೆರೆತು ತಾಮ್ರ ಗಸಿಯಾಗಿ ಕೂತಿರುತ್ತದೆ, ಅಷ್ಟೆ. ಅಡಿಕೆ ತೋಟದವರು ತುತ್ತಕ್ಕೆ ಸುಣ್ಣ ಬೆರೆಸಿದಾಗ ಆಗುವುದೂ ಇದೇ ಅಲ್ವಾ?

ಇದ್ದಿಲಿನ ನಿಜವಾದ ಕೈಚಳಕ ನೋಡಬೇಕಿದ್ದರೆ ತಾಮ್ರಕ್ಕೆ ಇಡಿಟಿಎ ಎಂಬ, ಲೋಹ ಹಿಡಿದಿಡುವ ರಾಸಾಯನಿಕ ಜೋಡಿಸಿ. ಏಡಿ ಕಚ್ಚಿದಂತೆ ಹಿಡಿಯುತ್ತದೆ. ತಾಮ್ರ ಸುಲಭಕ್ಕೆ ಗಸಿಯಾಗುವುದಿಲ್ಲ. ಸರ್ಕ್ಯೂಟ್ ಬೋರ್ಡ್‌ಗೆ ತಾಮ್ರ ಲೇಪಿಸುವ ಕಾರ್ಖಾನೆಗಳ ನೀರಿನ ತಲೆನೋವೂ ಇಂಥ ಜೋಡಿಯೇ.

ಒಂದು ಲೀಟರ್ ಡಿಸ್ಟಿಲ್ಡ್ ವಾಟರ್‌ಗೆ 0.39 ಗ್ರಾಂ ಮೈಲುತುತ್ತ, 0.59 ಗ್ರಾಂ ಡೈಸೋಡಿಯಂ ಇಡಿಟಿಎ ಹಾಕಿ. ತಾಮ್ರ ಸುಮಾರು 100 ಮಿಲಿಗ್ರಾಂ ಆಯಿತು.

ಎಲ್ಲರೂ ಎಡವುವುದು ಮುಂದಿನ ಕೆಲಸದಲ್ಲಿ. ತೆಂಗಿನ ಕರಟದ ಆಕ್ಟಿವೇಟೆಡ್ ಕಾರ್ಬನ್ನೇ (ಮೈತುಂಬ ಸಣ್ಣ ತೂತು ಮಾಡಿದ ಇದ್ದಿಲು) ತನ್ನಿ, ಒಲೆಯ ಇದ್ದಿಲು ಬೇಡ. ಮೀನಿನ ತೊಟ್ಟಿಗೆಂದು ಮಾರುವ ಪ್ಯಾಕೆಟ್ ಒಮ್ಮೆ ತಂದಿದ್ದೆ, ಅರ್ಧಕ್ಕರ್ಧ ಪುಡಿ. ಕಪ್ಪು ನೀರು ನಿಲ್ಲುವವರೆಗೆ ತೊಳೆಯಿರಿ. ಆಮೇಲೆ ಲ್ಯಾಬಿನ ತೆಳು ಹೈಡ್ರೋಕ್ಲೋರಿಕ್ ಆ್ಯಸಿಡ್‌ನಲ್ಲಿ ಅರ್ಧ ಗಂಟೆ ನೆನೆಸಿ. ಸಣ್ಣಗೆ ಗುಳ್ಳೆ ಬಂದರೆ ಬೂದಿ ಕರಗುತ್ತಿದೆ ಎಂದರ್ಥ. ಬಾತ್‌ರೂಮ್ ತೊಳೆಯುವ ಆ್ಯಸಿಡ್ ಸಾಕಲ್ವಾ ಅಂತ ಕೇಳುತ್ತಾರೆ. ಬೇಡ, ಅದರ ಹಳದಿ ಬಣ್ಣ ಹೆಚ್ಚಾಗಿ ಕಬ್ಬಿಣದ್ದು. ಮತ್ತೆ ಡಿಸ್ಟಿಲ್ಡ್ ವಾಟರ್‌ನಲ್ಲೇ ಎಂಟು-ಹತ್ತು ಸಲ ಜಾಲಾಡಿಸಿ. ಬೋರ್‌ವೆಲ್ ನೀರು ಹಾಕಿದರೆ ಮಾಡಿದ್ದೆಲ್ಲ ಹಾಳು. ಕೊನೆಯ ನೀರಲ್ಲಿ ಒಂದು ಗಂಟೆ ಬಿಟ್ಟು ಪಿಎಚ್ ನೋಡಿ. ತೂತುಗಳೊಳಗಿನ ಆ್ಯಸಿಡ್ ನಿಧಾನಕ್ಕೆ ಹೊರಬರುತ್ತದೆ. ಅಂಕಿ 5ರ ಮೇಲೆ ನಿಂತರೆ ಒಣಗಿಸಿ.

ಎರಡು ಲೋಟಕ್ಕೆ ತಲಾ 100 ಮಿಲಿಲೀಟರ್ ನೀಲಿ ನೀರು. ಈ ನೀರು ತನ್ನಷ್ಟಕ್ಕೇ ಹುಳಿ, ಪಿಎಚ್ ಹತ್ತಿರ ಹತ್ತಿರ 2.5. ತೆಳು ಕಾಸ್ಟಿಕ್ ಸೋಡಾ ಹನಿಹನಿಯಾಗಿ ಬಿಟ್ಟು 4ಕ್ಕೆ ತನ್ನಿ. ಅದಕ್ಕಿಂತ ಜಾಸ್ತಿ ಏರಿಸಬೇಡಿ: ತಾಮ್ರ-ಇಡಿಟಿಎ ಜೋಡಿಗೆ ಋಣ ವಿದ್ಯುದಂಶ. ಹುಳಿ ನೀರಲ್ಲಿ ಇದ್ದಿಲಿನ ಮೈ ಧನವಾಗಿ ಅದನ್ನು ಸೆಳೆಯುತ್ತದೆ, ಕ್ಷಾರದಲ್ಲಿ ದೂರ ತಳ್ಳುತ್ತದೆ.

ಒಂದಕ್ಕೆ ಮಾತ್ರ 1 ಗ್ರಾಂ ಇದ್ದಿಲು. ಎರಡನ್ನೂ ಎರಡು ಗಂಟೆ ಅಲುಗಿಸಿ, ಎರಡನ್ನೂ ಸೋಸಿ. ಇದ್ದಿಲು ಹಾಕದ ಲೋಟ ಸುಮ್ನೆ ದಂಡ ಎನ್ನಬೇಡಿ, ನಾನು ಮೊದಲು ಕೇಳುವುದೇ ಅದನ್ನು. ಪಿಎಚ್ ಮತ್ತೆ ನೋಡಿ. ಇದ್ದಿಲಿನ ಲೋಟದಲ್ಲಿ 7 ದಾಟಿದ್ದರೆ ತೊಳೆದದ್ದು ಸಾಲದು. ಎರಡರ ಬಣ್ಣವನ್ನು ಕಲರಿಮೀಟರ್‌ನಲ್ಲಿ (ಬಣ್ಣದ ಗಾಢತೆ ಅಳೆಯುವ ಉಪಕರಣ) ಹೋಲಿಸಿ.

ಬಳಸಿದ ಇದ್ದಿಲಿನಲ್ಲಿ ಈಗ ತಾಮ್ರ ಕೂತಿದೆ. ಗಿಡದ ಬುಡಕ್ಕೆ ಸುರಿಯಬೇಡಿ, ಬಾಟಲಿಗೆ ತುಂಬಿ ಚೀಟಿ ಅಂಟಿಸಿ ಲ್ಯಾಬಿಗೆ ಕೊಡಿ.