ಹಣ್ಣಿನ ಸಿಹಿ ಲೇಪದ ಹ್ಯಾಮ್ ಸ್ಟೀಕ್ ಗ್ರಿಲ್ ಮಾಡುವ ಬಗೆ

ಹ್ಯಾಮ್ ಸ್ಟೀಕ್ (ಉಪ್ಪಿನಲ್ಲಿ ಹದಮಾಡಿದ ಹಂದಿಯ ತೊಡೆಮಾಂಸದ ಅಗಲ ತುಂಡು) ಒಂದೂವರೆ ಸೆಂ.ಮೀ. ದಪ್ಪ ಇರಲಿ, ತೀರಾ ತೆಳುವಾದರೆ ಲೇಪ ಹಿಡಿಯುವ ಮೊದಲೇ ಒಣಗಿಬಿಡುತ್ತದೆ. ಅಂಚಿನ ಕೊಬ್ಬಿಗೆ 2 ಸೆಂ.ಮೀ.ಗೊಂದರಂತೆ ಕಚ್ಚು ಹಾಕಿ. ಇಲ್ಲದಿದ್ದರೆ ಕೊಬ್ಬು ಸೆಳೆದುಕೊಂಡು ತುಂಡು ಬಟ್ಟಲಿನಂತೆ ಮುದುಡುತ್ತದೆ, ನಡುಭಾಗಕ್ಕೆ ಕಾವು ಸರಿಯಾಗಿ ತಗಲುವುದಿಲ್ಲ.

ಎರಡು ತುಂಡಿಗೆ 1 ಕಪ್ ಅನಾನಸ್ ರಸ, 2 ದೊಡ್ಡ ಚಮಚ ಕಂದು ಸಕ್ಕರೆ, 1 ಸಣ್ಣ ಚಮಚ ಸಾಸಿವೆ ಪೇಸ್ಟ್, ಅಷ್ಟೇ ವಿನೆಗರ್. ಮೂರನೇ ಒಂದು ಪಾಲಿಗೆ ಇಳಿಯುವವರೆಗೆ ಕುದಿಸಿ. ಚಮಚದ ಬೆನ್ನಿಗೆ ಅಂಟಿದ್ದನ್ನು ಬೆರಳಿನಿಂದ ಗೀರಿದರೆ ಗೆರೆ ಹಾಗೇ ನಿಲ್ಲಬೇಕು. ಉಪ್ಪು ಬೇಡವೇ ಬೇಡ, ಹ್ಯಾಮ್‌ನಲ್ಲೇ ಸಾಕಷ್ಟಿದೆ.

ಮಾಂಸದ ತೇವ ಒರೆಸಿ, ಎಣ್ಣೆ ಸವರಿದ ಗ್ರಿಲ್ ಮೇಲೆ ಮಧ್ಯಮ ಕಾವಿನಲ್ಲಿ ಒಂದೊಂದು ಮಗ್ಗುಲನ್ನು 3–4 ನಿಮಿಷ ಸುಡಿ. ಲೇಪಕ್ಕೆ ಅವಸರ ಮಾಡಬೇಡಿ, ಹೆಚ್ಚಿನವರು ಎಡವುವುದು ಇಲ್ಲೇ. ಸಕ್ಕರೆ ಬೇಗ ಸೀದು ಕಹಿಯಾಗುತ್ತದೆ. ಕೊನೆಯ 2 ನಿಮಿಷದಲ್ಲಷ್ಟೇ ಎರಡು ಬಾರಿ ತೆಳುವಾಗಿ ಸವರಿ. ಸಣ್ಣ ಗುಳ್ಳೆ ಎದ್ದು ಹೊಳಪು ಬಂದ ಕೂಡಲೇ ತೆಗೆಯಿರಿ.

ಪೂರ್ತಿ ಬೇಯಿಸಿ ಪೊಟ್ಟಣ ಕಟ್ಟಿದ ಹ್ಯಾಮ್ ಆದರೆ ಒಳಗೆ 60 ಡಿಗ್ರಿ ಸೆಲ್ಸಿಯಸ್ ಸಾಕು. ಬೇಯಿಸಿಯೇ ತಿನ್ನಬೇಕೆಂದು ಬರೆದಿದ್ದರೆ 63 ಮುಟ್ಟಿಸಿ, 3 ನಿಮಿಷ ಬಿಟ್ಟು ಕತ್ತರಿಸಿ.