ಹೊರಗಿನ ಊಟದ ಜಾಗಕ್ಕೆ ಸೂರು ಹಾಕಿಸುವ ಮುನ್ನ: ಅಮೆರಿಕದ ರೆಸ್ಟೋರೆಂಟ್‌ಗಳಿಗೆ ಸ್ಪ್ರಿಂಕ್ಲರ್ ನಿಯಮಗಳು

ಅಮೆರಿಕದಲ್ಲಿ ದೋಸೆ, ಇಡ್ಲಿ, ಬಿಸಿಬೇಳೆಬಾತಿನ ಹೋಟೆಲು ನಡೆಸುತ್ತಿರುವ ಕನ್ನಡಿಗರಲ್ಲಿ ಅನೇಕರು 2020ರ ಕೋವಿಡ್ ಕಾಲದಲ್ಲಿ ಅಂಗಡಿಯ ಹೊರಗೆ ಮೇಜುಗಳನ್ನು ಹಾಕಿದರು, ಆಮೇಲೆ ಬಿಸಿಲು ಮಳೆಗಳ ಕಾಟ ತಪ್ಪಿಸಲು ಅದೇ ಜಾಗಕ್ಕೆ ಕಾಯಂ ಸೂರು ಹಾಕಿಸುವ ಯೋಚನೆ ಮಾಡಿದರು. ಸುತ್ತ ಗೋಡೆಯಿಲ್ಲದ ಮೇಲೆ ಅದು ಹೊರಗಿನ ಜಾಗವೇ, ಬೆಂಕಿಯ ನಿಯಮಗಳಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಭಾವಿಸುವುದು ಸಹಜ. ಆದರೆ ಅಲ್ಲಿನ ಕಟ್ಟಡ ನಿಯಮ ನೋಡುವುದು ಗೋಡೆಯನ್ನಲ್ಲ, ತಲೆಯ ಮೇಲಿನ ಸೂರನ್ನು. ಈ ಒಂದು ಮಾತು ತಿಳಿಯದೆ ಮುಂದುವರಿದವರು, ಪ್ಯಾಟಿಯೋಗೆಂದು, ಅಂದರೆ ಈ ಹೊರಗಿನ ಊಟದ ಜಾಗಕ್ಕೆಂದು ತೆಗೆದಿಟ್ಟ ಹಣದಲ್ಲಿ ಇಡೀ ಕಟ್ಟಡಕ್ಕೆ ಸ್ಪ್ರಿಂಕ್ಲರ್ (ಬೆಂಕಿಯ ಬಿಸಿಗೆ ತಾನಾಗಿಯೇ ತೆರೆದು ನೀರು ಸುರಿಸುವ ವ್ಯವಸ್ಥೆ) ಹಾಕಿಸಬೇಕಾದ ಇಕ್ಕಟ್ಟಿಗೆ ಸಿಲುಕಬಹುದು.

ಮೊದಲ ಕೆಲಸವೆಂದರೆ ನಿಮ್ಮ ಊರಿನಲ್ಲಿ ಯಾವ ಕೋಡ್‌ನ, ಅಂದರೆ ಕಟ್ಟಡ ನಿಯಮಾವಳಿಯ, ಯಾವ ಆವೃತ್ತಿ ಜಾರಿಯಲ್ಲಿದೆ ಎಂದು ನಗರದ ಕಟ್ಟಡ ಇಲಾಖೆಯಲ್ಲಿ ಕೇಳಿ ತಿಳಿಯುವುದು. ಹೆಚ್ಚಿನ ರಾಜ್ಯಗಳು ಇಂಟರ್‌ನ್ಯಾಷನಲ್ ಬಿಲ್ಡಿಂಗ್ ಕೋಡ್ ಅನ್ನು, ಅಂದರೆ ಐಬಿಸಿಯನ್ನು ಆಧಾರವಾಗಿಟ್ಟುಕೊಂಡು ತಮ್ಮ ತಿದ್ದುಪಡಿಗಳನ್ನು ಸೇರಿಸಿಕೊಂಡಿವೆ. ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿಗಳಿಗೆ ಹಾಗೆ ತಿದ್ದಿದ ಸ್ವಂತ ಆವೃತ್ತಿಗಳಿವೆ, ನ್ಯೂಯಾರ್ಕ್ ನಗರಕ್ಕೆ ಪ್ರತ್ಯೇಕ ಕೋಡ್ ಇದೆ. ಇಲ್ಲಿ ಹೇಳುತ್ತಿರುವುದು ಐಬಿಸಿಯ ಮೂಲ ನಿಯಮ. ಸ್ಥಳೀಯ ತಿದ್ದುಪಡಿ ಇದಕ್ಕಿಂತ ಬಿಗಿಯಾಗಿದ್ದರೆ ಅದನ್ನೇ ಪಾಲಿಸಬೇಕು.

ಮುಂದೆ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳಬೇಕು, ಏಕೆಂದರೆ ಗೊಂದಲವೆಲ್ಲ ಇವೆರಡನ್ನೂ ಬೆರೆಸುವುದರಿಂದಲೇ ಹುಟ್ಟುತ್ತದೆ. ಸ್ಪ್ರಿಂಕ್ಲರ್ ಇಲ್ಲದ ಕಟ್ಟಡಕ್ಕೆ ಹೊಸ ಸೂರಿನಿಂದಾಗಿ ಸ್ಪ್ರಿಂಕ್ಲರ್ ಕಡ್ಡಾಯವಾಗುತ್ತದೆಯೇ ಎಂಬುದು ಒಂದು. ಈಗಾಗಲೇ ಸ್ಪ್ರಿಂಕ್ಲರ್ ಇರುವ ಕಟ್ಟಡದಲ್ಲಿ ಅದನ್ನು ಹೊಸ ಸೂರಿನ ಕೆಳಗೂ ವಿಸ್ತರಿಸಬೇಕೇ ಎಂಬುದು ಇನ್ನೊಂದು.

ಮೊದಲನೆಯದಕ್ಕೆ ಉತ್ತರ ಕೊಡುವುದು ‘ಫೈರ್ ಏರಿಯಾ’ ಎಂಬ ಪರಿಕಲ್ಪನೆ, ಅಂದರೆ ಬೆಂಕಿಯ ನಿಯಮಗಳಿಗಾಗಿ ಒಂದೇ ಘಟಕವೆಂದು ಎಣಿಸುವ ಜಾಗ. ಗೋಡೆಗಳಿಂದ ಸುತ್ತುವರಿದ ಜಾಗವಷ್ಟೇ ಅಲ್ಲದೆ, ಗೋಡೆಯಿಲ್ಲದಿದ್ದರೂ ಸೂರಿನ ನೆರಳಿನಡಿ ಬರುವ ಕಟ್ಟಡದ ಭಾಗವೂ ಫೈರ್ ಏರಿಯಾದ ಲೆಕ್ಕಕ್ಕೆ ಸೇರುತ್ತದೆ ಎಂದು ಕೋಡ್ ಸ್ಪಷ್ಟವಾಗಿ ಹೇಳುತ್ತದೆ. ಊಟ, ಪಾನೀಯ ಬಡಿಸುವ, 50 ಅಥವಾ ಹೆಚ್ಚು ಜನ ಸೇರಬಹುದಾದ ಜಾಗ ಎ-2 ವರ್ಗಕ್ಕೆ ಬರುತ್ತದೆ; 50ಕ್ಕಿಂತ ಕಡಿಮೆಯಾದರೆ ಸಾಮಾನ್ಯ ವ್ಯಾಪಾರದ ಬಿ ವರ್ಗವೇ ಸಾಕು. ಎ-2 ವರ್ಗದ ಫೈರ್ ಏರಿಯಾ 5,000 ಚದರ ಅಡಿಯನ್ನು ಮೀರಿದರೆ, ಅಥವಾ ಅಲ್ಲಿನ ಜನರ ಲೆಕ್ಕ 100 ಮುಟ್ಟಿದರೆ, ಅಥವಾ ಅದು ನೇರವಾಗಿ ಹೊರಗೆ ನಡೆದುಹೋಗಬಹುದಾದ ಮಟ್ಟವನ್ನು ಬಿಟ್ಟು ಬೇರೆ ಮಹಡಿಯಲ್ಲಿದ್ದರೆ ಸ್ಪ್ರಿಂಕ್ಲರ್ ಕಡ್ಡಾಯ. ಈ ಮೂರರಲ್ಲಿ ಒಂದು ಸಾಕು.

ಸಣ್ಣ ಹೋಟೆಲುಗಳು ಎಡವುವುದು ಜನರ ಲೆಕ್ಕದಲ್ಲಿ. ಕುರ್ಚಿಗಳನ್ನು ಎಣಿಸಿ ಬರುವ ಸಂಖ್ಯೆ ಇದಲ್ಲ. ಮೇಜು ಕುರ್ಚಿ ಹಾಕಿದ ಜಾಗದಲ್ಲಿ 15 ಚದರ ಅಡಿಗೆ ಒಬ್ಬರಂತೆ, ಅಡುಗೆಮನೆಯಲ್ಲಿ 200 ಚದರ ಅಡಿಗೆ ಒಬ್ಬರಂತೆ, ಜನ ನಿಂತು ಕಾಯುವ ಜಾಗದಲ್ಲಿ 5 ಚದರ ಅಡಿಗೆ ಒಬ್ಬರಂತೆ ಲೆಕ್ಕ ಹಾಕಬೇಕು. ಒಂದು ಉದಾಹರಣೆ ನೋಡೋಣ. ಒಳಗಿನ ಊಟದ ಜಾಗ 1,050 ಚದರ ಅಡಿ ಎಂದರೆ 70 ಜನ. ಅಡುಗೆಮನೆ 600 ಚದರ ಅಡಿ ಎಂದರೆ 3 ಜನ. ಒಟ್ಟು 73, ಸ್ಪ್ರಿಂಕ್ಲರ್ ಬೇಕಿಲ್ಲ. ಇದಕ್ಕೆ ತಾಗಿಕೊಂಡು 390 ಚದರ ಅಡಿಯ ಪ್ಯಾಟಿಯೋಗೆ ಸೂರು ಹಾಕಿದರೆ 26 ಜನ ಸೇರಿ 99 ಆಗುತ್ತದೆ, ಇನ್ನೂ ಬೇಕಿಲ್ಲ. ಅದೇ ಪ್ಯಾಟಿಯೋ 400 ಚದರ ಅಡಿಯಾದರೆ 27 ಜನ, ಒಟ್ಟು 100. ಹತ್ತು ಚದರ ಅಡಿಯ ವ್ಯತ್ಯಾಸದಲ್ಲಿ ನಿಯಮ ಬದಲಾಯಿತು; ಒಟ್ಟು ವಿಸ್ತೀರ್ಣವಾದರೋ 5,000ದ ಅರ್ಧವನ್ನೂ ಮುಟ್ಟಿಲ್ಲ. ‘ನಾವು ಹಾಕುವುದೇ ಇಪ್ಪತ್ತು ಕುರ್ಚಿ’ ಎಂಬ ವಾದವನ್ನು ಒಪ್ಪುವ ಅಧಿಕಾರ ಕಟ್ಟಡ ಅಧಿಕಾರಿಗೆ ಇದೆ, ಆದರೆ ಒಪ್ಪಲೇಬೇಕೆಂದಿಲ್ಲ. ಅದನ್ನು ನಂಬಿ ಸೂರಿಗೆ ಮುಂಗಡ ಕೊಡಬಾರದು.

ಈ ಮಿತಿಗಳನ್ನು ಬರಿಯ ಕಾಗದದ ತೊಡಕೆಂದು ಕಾಣುವುದು ತಪ್ಪೆಂದು ನಾನು ದೃಢವಾಗಿ ನಂಬುತ್ತೇನೆ. 2003ರ ಫೆಬ್ರವರಿ 20ರ ರಾತ್ರಿ ರೋಡ್ ಐಲೆಂಡ್‌ನ ವೆಸ್ಟ್ ವಾರ್ವಿಕ್‌ನಲ್ಲಿ ‘ದಿ ಸ್ಟೇಷನ್’ ಎಂಬ ನೈಟ್‌ಕ್ಲಬ್ಬಿಗೆ ಬೆಂಕಿ ಬಿದ್ದು 100 ಜನ ಸತ್ತರು. ವೇದಿಕೆಯ ಬಾಣಬಿರುಸಿನ ಕಿಡಿ ಗೋಡೆಯ ಫೋಮ್‌ಗೆ ತಗುಲಿತ್ತು. ಆ ಕಟ್ಟಡದಲ್ಲಿ ಸ್ಪ್ರಿಂಕ್ಲರ್ ಇರಲಿಲ್ಲ. ಜನ ತಿನ್ನುತ್ತ, ಕುಡಿಯುತ್ತ, ಮಾತಿನಲ್ಲಿ ಮುಳುಗಿರುವ ಜಾಗಗಳಿಗೆ ಉಳಿದವಕ್ಕಿಂತ ಬಿಗಿಯಾದ ನಿಯಮವಿರುವುದಕ್ಕೆ ಇಂಥ ಸಾವುಗಳೇ ಕಾರಣ.

ಲೆಕ್ಕ 100 ಮುಟ್ಟಿದರೆ ದಾರಿಗಳು ಕೆಲವೇ. ಸೂರಿನ ಅಳತೆ ಕುಗ್ಗಿಸಬಹುದು. ಸೂರಿನ ಬದಲು ಛತ್ರಿಗಳನ್ನಿಟ್ಟು ಜಾಗವನ್ನು ಬಯಲಾಗಿಯೇ ಉಳಿಸಿಕೊಳ್ಳಬಹುದು; ಆಗ ಅದು ಫೈರ್ ಏರಿಯಾಕ್ಕೆ ಸೇರದು, ಆದರೂ ಅಲ್ಲಿನ ಜನ ಹೊರಹೋಗಲು ಕಟ್ಟಡದ ಒಳಗೇ ಹಾದುಹೋಗಬೇಕಿದ್ದರೆ ಹೊರಹೋಗುವ ಬಾಗಿಲುಗಳು ಎಷ್ಟು ಬೇಕೆಂಬ ಲೆಕ್ಕಕ್ಕೆ ಅವರು ಸೇರುತ್ತಾರೆ, ಆದ್ದರಿಂದ ಪ್ಯಾಟಿಯೋಗೆ ನೇರವಾಗಿ ಹೊರಗೆ ತೆರೆಯುವ ಗೇಟು ಇಡುವುದು ಒಳ್ಳೆಯದು. ಒಳಭಾಗಕ್ಕೂ ಪ್ಯಾಟಿಯೋಗೂ ನಡುವೆ 2 ಗಂಟೆ ಬೆಂಕಿ ತಡೆಯುವ ಗೋಡೆ ಕಟ್ಟಿ ಎರಡು ಫೈರ್ ಏರಿಯಾಗಳಾಗಿ ಬೇರ್ಪಡಿಸಲೂಬಹುದು. ಆದರೆ ಆ ಗೋಡೆಯ ಬಾಗಿಲುಗಳು 90 ನಿಮಿಷ ತಡೆಯುವಂಥವಾಗಿರಬೇಕಾದ್ದರಿಂದ, ಮಡಚುವ ಗಾಜಿನ ಬಾಗಿಲು ಬಯಸುವವರಿಗೆ ಇದು ಹೊಂದುವುದು ಕಷ್ಟ. ಮಿಕ್ಕದ್ದು ಸ್ಪ್ರಿಂಕ್ಲರ್ ಹಾಕಿಸುವುದೇ. ಪೆರ್ಗೊಲಾ ಎಂಬ, ಮೇಲೆ ಪಟ್ಟಿಗಳಷ್ಟೇ ಇರುವ ಚಪ್ಪರದ ತೆರೆದ ಪಟ್ಟಿಗಳ ಮೇಲೆ ಆಮೇಲೆ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ಹಾಳೆ ಹೊದಿಸುವ ಜಾಣತನ ಬೇಡ. ಹಾಳೆ ಬಿದ್ದ ದಿನವೇ ಅದು ಸೂರಾಗುತ್ತದೆ.

ತಾರಸಿಯ ಮೇಲಿನ ರೆಸ್ಟೋರೆಂಟ್‌ಗೆ ಬೇರೆಯದೇ ನಿಯಮವಿದೆ: ಅಲ್ಲಿನ ಜನರ ಲೆಕ್ಕ 100 ಮೀರಿದರೆ ತಾರಸಿಯಿಂದ ಹೊರಹೋಗುವ ಮಟ್ಟದವರೆಗಿನ ನಡುವಿನ ಮಹಡಿಗಳಿಗೆಲ್ಲ ಸ್ಪ್ರಿಂಕ್ಲರ್ ಬೇಕು.

ಇನ್ನು ಎರಡನೆಯ ಪ್ರಶ್ನೆ. ಕಟ್ಟಡದಲ್ಲಿ ಈಗಾಗಲೇ ಸ್ಪ್ರಿಂಕ್ಲರ್ ಇದ್ದರೆ ಸ್ಪ್ರಿಂಕ್ಲರ್ ಅಳವಡಿಕೆಗೆ ಇರುವ ಎನ್‌ಎಫ್‌ಪಿಎ 13 ಎಂಬ ಮಾನದಂಡವನ್ನು ನೋಡಬೇಕು. ಕಟ್ಟಡದಿಂದ ಹೊರಚಾಚಿದ ಸೂರು 4 ಅಡಿಗಿಂತ ಅಗಲವಾಗಿದ್ದರೆ ಅದರ ಕೆಳಗೂ ಸ್ಪ್ರಿಂಕ್ಲರ್ ಬೇಕೆಂಬುದು ಸಾಮಾನ್ಯ ನಿಯಮ. ಸೂರನ್ನು ಉಕ್ಕಿನಂಥ ಉರಿಯದ ವಸ್ತುವಿನಿಂದ ಅಥವಾ ಬೆಂಕಿ ತಡೆಯುವ ಸಂಸ್ಕರಣೆಯಾದ ಮರದಿಂದ ಕಟ್ಟಿದ್ದರೆ ವಿನಾಯಿತಿ ಉಂಟು. ಹಾಗಾಗಿ ಸಾಧಾರಣ ಮರದ ತೊಲೆಯ ಅಂದಕ್ಕೆ ಮನಸೋಲುವ ಮುನ್ನ ಯೋಚಿಸಬೇಕು, ಉಕ್ಕು ಇಲ್ಲಿ ಇಡೀ ಪೈಪಿನ ಖರ್ಚನ್ನೇ ಉಳಿಸಬಲ್ಲದು. ಆದರೆ ಆ ಸೂರಿನಡಿ ರಟ್ಟಿನ ಪೆಟ್ಟಿಗೆ, ಮೆತ್ತೆ ಮುಂತಾದ ಉರಿಯುವ ಸರಕನ್ನು ಪೇರಿಸಿಟ್ಟರೆ ಈ ವಿನಾಯಿತಿ ನಿಲ್ಲುವುದಿಲ್ಲ. ಚಳಿಗಾಲದಲ್ಲಿ ಪ್ಯಾಟಿಯೋವನ್ನೇ ಉಗ್ರಾಣ ಮಾಡಿಕೊಳ್ಳುವ ರೂಢಿಯನ್ನು ಬಿಡಬೇಕು.

ಹೊರಗೆ ಸ್ಪ್ರಿಂಕ್ಲರ್ ಹಾಕುವಾಗ ಗುತ್ತಿಗೆದಾರರೊಡನೆ ಹವಾಮಾನದ ಮಾತನ್ನು ಮೊದಲೇ ಆಡಬೇಕು. ತಾಪಮಾನ 4 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವ ಊರುಗಳಲ್ಲಿ ನೀರು ತುಂಬಿದ ಪೈಪನ್ನು ಬಯಲಿಗೆ ಒಯ್ಯುವಂತಿಲ್ಲ. ನೀರು ಹೆಪ್ಪುಗಟ್ಟಿ ಪೈಪು ಒಡೆಯುತ್ತದೆ. ಒಳಗಿನ ಬೆಚ್ಚಗಿನ ಪೈಪಿನಿಂದ ಗೋಡೆಯ ಮೂಲಕ ಹೊರಚಾಚುವ ‘ಡ್ರೈ ಸೈಡ್‌ವಾಲ್’ ಸ್ಪ್ರಿಂಕ್ಲರ್ ಚಿಕ್ಕ ಪ್ಯಾಟಿಯೋಗಳಿಗೆ ಚೆನ್ನಾಗಿ ಹೊಂದುತ್ತದೆ, ದೊಡ್ಡದಕ್ಕೆ ಪೈಪಿನಲ್ಲಿ ಗಾಳಿ ತುಂಬಿಟ್ಟಿರುವ ಡ್ರೈ ಪೈಪ್ ವ್ಯವಸ್ಥೆ ಬೇಕಾಗುತ್ತದೆ. ಬಿಸಿಲಿನ ಊರುಗಳಲ್ಲಿ ತೊಂದರೆ ಇದಕ್ಕೆ ತದ್ವಿರುದ್ಧ. ಗಾಜು ಅಥವಾ ಪ್ಲಾಸ್ಟಿಕ್ ಸೂರಿನಡಿ ನೇರ ಬಿಸಿಲು ಬೀಳುವಲ್ಲಿ, ಸಾಮಾನ್ಯವಾದ 57ರಿಂದ 77 ಡಿಗ್ರಿಯಲ್ಲಿ ತೆರೆದುಕೊಳ್ಳುವ ದರ್ಜೆಯ ಬದಲು 79ರಿಂದ 107 ಡಿಗ್ರಿಯ ದರ್ಜೆಯ ಸ್ಪ್ರಿಂಕ್ಲರ್ ಇರಬೇಕು. ಇಲ್ಲವಾದರೆ ಬೆಂಕಿಯೇ ಇಲ್ಲದೆ ಸ್ಪ್ರಿಂಕ್ಲರಿನ ಬಾಯಿ ಮುಚ್ಚಿಟ್ಟಿರುವ ಗಾಜಿನ ಬಲ್ಬು ಒಡೆದು, ಊಟ ಮಾಡುತ್ತಿದ್ದವರ ಮೇಲೆ ನೀರು ಸುರಿದೀತು. ಸೂರಿಗೆ ಬಿಗಿದ ಹೀಟರ್‌ಗಳ ಹತ್ತಿರವೂ ಈ ಎಚ್ಚರ ಬೇಕು. ಅಣಬೆಯಾಕಾರದ ಪ್ರೊಪೇನ್ ಹೀಟರ್‌ಗಳನ್ನು ಉರಿಯುವ ಸೂರಿನ ಕೆಳಗೆ, ಅಥವಾ ಕಟ್ಟಡದಿಂದ 5 ಅಡಿಯೊಳಗೆ ಇಡುವುದನ್ನು ಇಂಟರ್‌ನ್ಯಾಷನಲ್ ಫೈರ್ ಕೋಡ್ ನಿಷೇಧಿಸುತ್ತದೆ.

ನಮ್ಮವರು ಪ್ಯಾಟಿಯೋದಲ್ಲಿ ಗಿರಾಕಿಗಳ ಕಣ್ಣೆದುರೇ ದೋಸೆ ಹುಯ್ಯುವ ಆಸೆಯಿಟ್ಟುಕೊಳ್ಳುವುದುಂಟು. ಸ್ಪ್ರಿಂಕ್ಲರ್ ಇದೆಯಲ್ಲ ಎಂಬ ಧೈರ್ಯ ಇಲ್ಲಿ ಸಲ್ಲದು, ಎಣ್ಣೆಗೆ ಹತ್ತಿದ ಬೆಂಕಿಯ ಮೇಲೆ ನೀರು ಬಿದ್ದರೆ ಉರಿಯುವ ಎಣ್ಣೆ ಸಿಡಿದು ಹರಡುತ್ತದೆ. ಜಿಡ್ಡಿನ ಹೊಗೆಯೇಳುವ ಕಾವಲಿಗೆ ಅದಕ್ಕೆಂದೇ ಇರುವ, ಹೊಗೆ ಹೀರುವ ಹುಡ್, ಮತ್ತು ಅದರೊಳಗೆ ರಾಸಾಯನಿಕದಿಂದ ಬೆಂಕಿ ನಂದಿಸುವ ವ್ಯವಸ್ಥೆ ಬೇಕು.

ಇಷ್ಟನ್ನು ಲೆಕ್ಕ ಹಾಕಿಕೊಂಡ ಮೇಲೆ, ಸೂರಿನ ಗುತ್ತಿಗೆದಾರರಿಗೆ ಮುಂಗಡ ಕೊಡುವುದಕ್ಕೂ ಮುಂಚೆ, ಅಳತೆ ಗುರುತಿಸಿದ ನಕ್ಷೆಯೊಂದಿಗೆ ಕಟ್ಟಡ ಇಲಾಖೆಯನ್ನೂ ಬೆಂಕಿ ಸುರಕ್ಷತೆಯ ಅಧಿಕಾರಿಯಾದ ಫೈರ್ ಮಾರ್ಷಲ್ ಕಚೇರಿಯನ್ನೂ ಕಾಣಬೇಕು. ಒಳಗಿನ ಮತ್ತು ಹೊರಗಿನ ಜಾಗಗಳ ವಿಸ್ತೀರ್ಣ, ಪ್ರತಿಯೊಂದರ ಜನರ ಲೆಕ್ಕ, ಸೂರಿನ ಸಾಮಗ್ರಿ ಮತ್ತು ಅಗಲ, ಬಾಗಿಲು ಗೇಟುಗಳ ಸ್ಥಾನ, ಹೀಟರ್‌ಗಳ ಸ್ಥಾನ ಇವು ನಕ್ಷೆಯಲ್ಲಿ ಕಾಣಬೇಕು. ಬಟ್ಟೆಯ ಮೇಲ್ಕಟ್ಟು ಅಥವಾ ಮಡಚುವ ಸೂರು ಹಾಕುವುದಾದರೆ, ಅದನ್ನು ಸೂರೆಂದು ಪರಿಗಣಿಸುತ್ತಾರೋ ಇಲ್ಲವೋ ಎಂಬುದನ್ನು ಬಾಯಿಮಾತಿನಲ್ಲಿ ಕೇಳಿ ಬಿಡದೆ ಬರಹದಲ್ಲೇ ಪಡೆಯಬೇಕು. ನಾಳೆ ತಪಾಸಣೆಗೆ ಬರುವವರು ಇಂದು ಮಾತನಾಡಿದವರೇ ಆಗಿರುವುದಿಲ್ಲ.