‘ಟಾಟ್’ ಪದವನ್ನು ಎಲ್ಲಿ, ಹೇಗೆ ಬಳಸಬೇಕು?

ಇಂಗ್ಲಿಷಿನ ‘ಟೈಟ್’ ಕನ್ನಡಿಗರಿಗೆ ಮನೆಮಾತಾಗಿದೆ. ಅದರ ನೆರೆಯಲ್ಲೇ ಇರುವ ‘ಟಾಟ್’ ಎಂಬ ಗುಣವಾಚಕ ಅಷ್ಟು ಪರಿಚಿತವಲ್ಲ. ನಮ್ಮ ‘ಬಿಗಿ’ ಎಂಬ ಒಂದೇ ಪದ ಈ ಎರಡರ ಅರ್ಥವನ್ನೂ ಹೊರುವುದರಿಂದ, ಇಂಗ್ಲಿಷಿನಲ್ಲಿ ಬರೆಯುವಾಗ ನಾವು ಎಲ್ಲೆಡೆಯೂ ಟೈಟ್ ಎಂದೇ ಬರೆದುಬಿಡುತ್ತೇವೆ.

ಟಾಟ್ ಎಂದರೆ ಎಳೆತದಿಂದ ಬಿಗಿಯಾದದ್ದು, ಸೆಟೆದು ನಿಂತದ್ದು. ಬಿಲ್ಲಿಗೆ ಏರಿಸಿದ ಹೆದೆ, ಶ್ರುತಿ ಮಾಡಿದ ತಂಬೂರಿಯ ತಂತಿ, ಗಾಳಿ ತುಂಬಿದ ಹಾಯಿ, ಭಾರ ಎತ್ತುವಾಗಿನ ತೋಳಿನ ಸ್ನಾಯು, ಇವೆಲ್ಲ ಟಾಟ್. ಸಂದೇಹ ಬಂದಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: ಎಳೆತ ತಪ್ಪಿದರೆ ಈ ವಸ್ತು ಜೋಲು ಬೀಳುತ್ತದೆಯೇ, ಸಡಿಲಗೊಳ್ಳುತ್ತದೆಯೇ? ಹೌದಾದರೆ ಟಾಟ್ ಒಪ್ಪುತ್ತದೆ. ಡಬ್ಬಿಯ ಮುಚ್ಚಳ, ಕಾಲು ಕಚ್ಚುವ ಬೂಟು, ಬಿಡುವಿಲ್ಲದ ವೇಳಾಪಟ್ಟಿ ಇವುಗಳಿಗೆ ಟೈಟ್ ಮಾತ್ರ ಸರಿ. ಎಳೆದು ಕಟ್ಟಿದ ಹಗ್ಗವನ್ನು ಟೈಟ್ ಎಂದರೂ ತಪ್ಪಲ್ಲ; ಆದರೆ ಟಾಟ್ ಎಂದಾಗ ಆ ಎಳೆತವೇ ಓದುಗನ ಕಣ್ಣಿಗೆ ಕಟ್ಟುತ್ತದೆ. ಇದರ ವಿರುದ್ಧಪದ ‘ಸ್ಲ್ಯಾಕ್’.

ವ್ಯಾಕರಣದಲ್ಲಿ ನಾವು ಎಡವುವ ಜಾಗವೊಂದಿದೆ. ‘ಹಗ್ಗವನ್ನು ಬಿಗಿಯಾಗಿ ಎಳೆ’ ಎನ್ನುವಾಗ ಕನ್ನಡಕ್ಕೆ ‘ಆಗಿ’ ಬೇಕೇ ಬೇಕು; ಆ ಅಭ್ಯಾಸದಿಂದ ಇಂಗ್ಲಿಷಿನಲ್ಲೂ ‘ಟಾಟ್ಲಿ’ ಎಂದು ಬರೆಯಲು ಕೈ ಹೋಗುತ್ತದೆ. ಅಲ್ಲಿ ‘ಪುಲ್ ದ ರೋಪ್ ಟಾಟ್’ ಎನ್ನುವುದೇ ವಾಡಿಕೆ, ಏಕೆಂದರೆ ಆ ಪದ ಎಳೆಯುವ ರೀತಿಯನ್ನಲ್ಲ, ಎಳೆದ ಮೇಲೆ ಹಗ್ಗ ತಲುಪುವ ಸ್ಥಿತಿಯನ್ನು ಹೇಳುತ್ತದೆ. ‘ಸ್ಟ್ರೆಚ್’, ‘ಹೋಲ್ಡ್’ ಕ್ರಿಯಾಪದಗಳ ಜೊತೆಗೂ ಹೀಗೆಯೇ. ‘ಬಿಗಿಗೊಳಿಸು’ ಅಥವಾ ‘ಬಿಗಿಗೊಳ್ಳು’ ಎನ್ನಲು ‘ಟಾಟನ್’ ಎಂಬ ಕ್ರಿಯಾಪದವೇ ಇದೆ.

ಮನುಷ್ಯರ ವಿಷಯದಲ್ಲಿ ಈ ಪದ ಆತಂಕವನ್ನು ಸೂಚಿಸುತ್ತದೆ: ಬಿಗಿದುಕೊಂಡ ಮುಖ, ಅಳುಕನ್ನು ತಡೆಹಿಡಿದ ದನಿ. ಬರವಣಿಗೆಯ ವಿಷಯದಲ್ಲಾದರೆ ಅದು ಮೆಚ್ಚುಗೆ. ನಮ್ಮ ವಿಮರ್ಶಕರು ‘ಬಿಗಿಯಾದ ಬಂಧ’ ಎನ್ನುವಂತೆ, ಒಂದು ಮಾತೂ ಹೆಚ್ಚಾಗದ ಪತ್ತೇದಾರಿ ಕಥೆಯನ್ನು ಇಂಗ್ಲಿಷ್ ವಿಮರ್ಶಕರು ‘ಟಾಟ್ ಥ್ರಿಲ್ಲರ್’ ಎನ್ನುತ್ತಾರೆ.

ಕಾಗುಣಿತ ಟಿ, ಎ, ಯು, ಟಿ, ಒಟ್ಟು 4 ಅಕ್ಷರ. ‘ಕಲಿಸಿದ’ ಎಂಬರ್ಥದ ಇನ್ನೊಂದು ‘ಟಾಟ್’ ಉಚ್ಚಾರಣೆಯಲ್ಲಿ ಇದರಂತೆಯೇ ಇದ್ದರೂ, ಅದರಲ್ಲಿ ಕೊನೆಯ ಟಿಗೆ ಮುನ್ನ ಜಿ ಮತ್ತು ಎಚ್ ಸೇರಿ 6 ಅಕ್ಷರಗಳಿವೆ. ನಡುವೆ ಎನ್ ಸೇರಿಸಿದರೆ ಅದು ‘ಟಾಂಟ್’, ಅಂದರೆ ಹಂಗಿಸುವುದು. ಪುನರುಕ್ತಿಗೆ ಹೇಳುವ ‘ಟಾಟಾಲಜಿ’ಗೂ ಇದಕ್ಕೂ ನಂಟಿಲ್ಲ; ಅದು ‘ಅದೇ’ ಎಂಬರ್ಥದ ಗ್ರೀಕ್ ಪದದಿಂದ ಬಂದದ್ದು.